ಕಿರುಬೆರಳು ಒಂದು ಫ್ರೆಟ್ ಹಿಂದೆ

ತೀರ್ಥಹಳ್ಳಿ ಕಡೆ ಪುನರ್ವಸು ಮಳೆ ಹಿಡಿದರೆ ಕರೆಂಟು ಹೋಯಿತು ಅಂತಲೇ ಲೆಕ್ಕ. ಹೋದ ವರ್ಷ ಅಂಥ ಸಂಜೆಗಳಲ್ಲಿ ಕೂತು ಕ್ಲಾಸಿಕಲ್ ಗಿಟಾರಿಗೆ ಒಂದು ಚಿಕ್ಕ ಕೃತಿ ಕಟ್ಟಿದೆ. ಷರತ್ತು ಒಂದೇ: ಕಾರ್ಡ್‌ಗಳು, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪುಗಳು, ಇರಬೇಕು, ಆದರೆ ರಾಗದ ಸ್ವರ ಬಿಟ್ಟು ಹೊರಗೆ ಕಾಲಿಡಬಾರದು.

ಮೊದಲು ತೋಡಿ ರಾಗ ಹಿಡಿದೆ. ಕಾರಣ ಸೋಮಾರಿತನ. ಗಿಟಾರಿನ ತಂತಿಗಳು, ಪಾಶ್ಚಾತ್ಯ ಸ್ವರಗಳ ಹೆಸರಿನಲ್ಲಿ, ಇ, ಎ, ಡಿ, ಜಿ, ಬಿ, ಇ. ಇ ಷಡ್ಜ (ಸ) ಅಂದುಕೊಂಡರೆ ಬೆರಳಿಡದ ಆರೂ ಖಾಲಿ ತಂತಿ ತೋಡಿಯೊಳಗೇ ಬರುತ್ತವೆ. ಏನು ಮೀಟಿದರೂ ತಪ್ಪಿಲ್ಲ! ಆದರೆ ಗಮಕ, ಅಂದರೆ ಸ್ವರದ ಓಲಾಟ, ಇಲ್ಲದ ತೋಡಿ ಯಾವ ತೋಡಿ? ನೈಲಾನ್ ತಂತಿ ಎಳೆದರೆ ವೀಣೆಯಷ್ಟು ಏರುವುದಿಲ್ಲ. ವಾರಕ್ಕೇ ಕೈಬಿಟ್ಟೆ.

ಆಮೇಲೆ ಮಾಯಾಮಾಳವಗೌಳ. ಕರ್ನಾಟಕ ಸಂಗೀತದ ಮೊದಲ ಪಾಠ ಸರಳೆವರಸೆ ಕಲಿತವರಿಗೆಲ್ಲ ಬಾಯಿಪಾಠ ಆಗಿರುವ ರಾಗ. ಆ ಪಾಠ ಹಾಕಿಕೊಟ್ಟವರು ಪುರಂದರದಾಸರು ಅನ್ನುತ್ತಾರೆ. ಅವರು ಹುಟ್ಟಿದ್ದು ನಮ್ಮ ಪಕ್ಕದ ಆರಗದಲ್ಲಿ ಅನ್ನುವ ವಾದವೂ ಇದೆ, ಹಾಗಾಗಿ ನಮಗೆ ಸ್ವಲ್ಪ ಜಂಬ ಜಾಸ್ತಿ. ಸರಿಗಮಪದನಿ ಕ್ರಮದಲ್ಲಿ ಸ್ವರಗಳು ಇ, ಎಫ್, ಜಿ ಶಾರ್ಪ್, ಎ, ಬಿ, ಸಿ, ಡಿ ಶಾರ್ಪ್ (ಶಾರ್ಪ್ ಅಂದರೆ ಅರ್ಧ ಸ್ವರ ಮೇಲೆ). ಈಗ ಖಾಲಿ ಡಿ, ಜಿ ತಂತಿ ಅಪ್ಪಿತಪ್ಪಿ ಮಿಡಿದರೂ ರಾಗ ಕೆಟ್ಟಿತು.

ಷಡ್ಜದ ಮೇಲೆ ಇ ಮೇಜರ್ ಕಾರ್ಡ್ (ಇ, ಜಿ ಶಾರ್ಪ್, ಬಿ), ರಿಷಭದ ಮೇಲೆ ಎಫ್ ಮೇಜರ್ (ಎಫ್, ಎ, ಸಿ). ಇ ಮೇಜರ್ ಹಿಡಿದ ಮೂರು ಬೆರಳನ್ನು ಹಾಗೇ ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಮೆಟ್ಟಿಲು) ಮುಂದೆ ಜಾರಿಸಿ, ಉಳಿದ ತಂತಿ ಖಾಲಿ ಬಿಟ್ಟೆ. ಸಿ, ಎಫ್, ಎ, ಜೊತೆಗೆ ಬಿ, ಇ. ಎಲ್ಲವೂ ರಾಗದ್ದೇ. ಸ್ಪೇನಿನ ಫ್ಲಮೆಂಕೊ ಸಂಗೀತ ಕೇಳಿದವರಿಗೆ ಈ ಜಾರು ಹೊಸದಲ್ಲ.

ಸಿಕ್ಕಿಹಾಕಿಕೊಂಡಿದ್ದು ಪಂಚಮದಲ್ಲಿ. ಪಾಶ್ಚಾತ್ಯ ಹಾರ್ಮನಿಯಲ್ಲಿ ಷಡ್ಜಕ್ಕೆ ಮರಳುವ ಹೆದ್ದಾರಿ ಪಂಚಮದ ಕಾರ್ಡ್. ಇಲ್ಲಿ ಅದು ಬಿ7: ಬಿ, ಡಿ ಶಾರ್ಪ್, ಎಫ್ ಶಾರ್ಪ್, ಎ. ಅದಕ್ಕೆ ಎಫ್ ಶಾರ್ಪ್ ಬೇಕು, ರಾಗದಲ್ಲಿ ಇರುವುದು ಬರೀ ಎಫ್. ಒಂದು ಸಲ ತಾನೇ ಅಂತ ಸುಮ್ನೆ ಬಿ7 ಹಾಕಿದೆ. ಒಳಗೆ ಹಲಸಿನ ಬೀಜ ಸುಲಿಯುತ್ತಿದ್ದ ಅಮ್ಮ ಕೂಗಿದಳು: "ರಿಷಭ ಮೇಲೆ ಹೋಯ್ತಲ್ಲೋ ಮಾರಾಯ!" ನಾಲ್ಕು ವರ್ಷ ಸಂಗೀತ ಕಲಿತವಳು, ಬಿಡುತ್ತಾಳಾ?

ಎರಡು ದಿನ ತಲೆ ಕೆರೆದುಕೊಂಡೆ. ಆಮೇಲೆ ಅದೇ ಬಿ7 ಹಿಡಿತದಲ್ಲಿ, ಒಂದನೇ ತಂತಿಯ ಎರಡನೇ ಫ್ರೆಟ್‌ನಲ್ಲಿದ್ದ ಕಿರುಬೆರಳನ್ನು ಮೊದಲನೇ ಫ್ರೆಟ್‌ಗೆ ಎಳೆದೆ. ಬೆರಳಿಗೆ ಹಿಂಸೆ. ಕಾರ್ಡ್ ಒಂದನ್ನೇ ಕೇಳಿದರೆ ಹುಳಿ ಹುಳಿ. ಆದರೆ ಅಲ್ಲಿಂದ ಇ ಮೇಜರಿಗೆ ಬಂದಾಗ ನಿಷಾದ ಅರ್ಧ ಸ್ವರ ಏರಿ ಷಡ್ಜ ಸೇರಿತು, ರಿಷಭ ಅರ್ಧ ಇಳಿದು ಅದೇ ಷಡ್ಜಕ್ಕೆ ಬಂತು, ಮಧ್ಯಮ ಅರ್ಧ ಇಳಿದು ಗಾಂಧಾರದಲ್ಲಿ ಕೂತಿತು. ಬಿ7ಗಿಂತ ಇದೇ ಗಟ್ಟಿ ಅನ್ನಿಸಿತು ನನಗೆ. ಒಳಗಿಂದ ಈ ಸಲ ಸದ್ದಿಲ್ಲ.

ಧೈವತದ ಮೇಲಿನ ಸಿ, ಇ, ಜಿ ಶಾರ್ಪ್ ಕಾರ್ಡ್ ಮಾತ್ರ ಎಲ್ಲಿಟ್ಟರೂ ಅಂತರದಲ್ಲಿ ನೇತಾಡುತ್ತಿತ್ತು. ನಡುವೆ ಒಂದೇ ಕಡೆ ಬಳಸಿ ಬಿಟ್ಟೆ. ಅಷ್ಟರಲ್ಲಿ ಮಳೆಯ ತೇವಕ್ಕೆ ಗಿಟಾರಿನ ಮರ ಉಬ್ಬಿ ತಂತಿಗಳು ಎತ್ತರವಾಗಿದ್ದವು. ಆ ಕಿರುಬೆರಳಿನ ಹಿಡಿತ ಒಂದೂ ಸಲ ಶುದ್ಧವಾಗಿ ನುಡಿಯಲಿಲ್ಲ. ರೆಕಾರ್ಡ್ ಮಾಡಲು ದಸರಾವರೆಗೆ ಕಾದೆ.