ಅರ್ಮೇನಿಯನ್ ಚರ್ಚಿನ ಹಿರಿಯ ಸೇವಕರನ್ನು ಅವರ ಸಂಪ್ರದಾಯದಂತೆ ಗೌರವಿಸುವ ಬಗೆ

ಅಮೆರಿಕದ ವಾಟರ್‌ಟೌನ್, ಫ್ರೆಸ್ನೊ, ಗ್ಲೆಂಡೇಲ್‌ನಂಥ ಊರುಗಳಲ್ಲಿ ನೆಲೆಸಿದ ಕನ್ನಡಿಗರಿಗೆ ಅರ್ಮೇನಿಯನ್ ನೆರೆಹೊರೆ ದೊರೆಯುವುದು ಅಪರೂಪವಲ್ಲ. ಮಕ್ಕಳ ಶಾಲೆಯಿಂದಲೋ, ಕಚೇರಿಯ ಸ್ನೇಹದಿಂದಲೋ, ಮದುವೆಯ ನಂಟಿನಿಂದಲೋ ಬೆಳೆದ ಈ ಬಳಕೆಯಲ್ಲಿ, ತಮ್ಮ ಚರ್ಚಿಗಾಗಿ ಬದುಕಿಡೀ ದುಡಿದ ಹಿರಿಯರೊಬ್ಬರ ಗೌರವಕಾರ್ಯಕ್ಕೆ ಕೈಜೋಡಿಸಿರೆಂದು ಅವರು ನಿಮ್ಮನ್ನು ಕರೆಯಬಹುದು. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಂಬ ನಮ್ಮ ರೂಢಿಯ ಕ್ರಮವನ್ನೇ ಅಲ್ಲಿಗೂ ಒಯ್ದರೆ ಯಾರೂ ಬೇಸರಪಡುವುದಿಲ್ಲವಾದರೂ, ಅರ್ಮೇನಿಯನ್ ಅಪೊಸ್ತಲಿಕ ಚರ್ಚು ತನ್ನವರನ್ನು ಗೌರವಿಸುವ ರೀತಿ ಬೇರೆಯಾದದ್ದು ಮತ್ತು ಬಹಳ ಹಳೆಯದು. ಅದನ್ನು ತಿಳಿದು ನಡೆದರೆ ಆ ದಿನವು ಗೌರವ ಪಡೆಯುವವರಿಗೆ ನಿಜವಾಗಿಯೂ ಸಲ್ಲುತ್ತದೆ.

ಆ ರೀತಿಯ ತಿರುಳು ಇರುವುದು ಹೆಸರು ಹಿಡಿದು ನೆನೆಯುವುದರಲ್ಲಿ. ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಾಷ್ಟೋಟ್ಸ್ ಅರ್ಮೇನಿಯನ್ ಲಿಪಿಯನ್ನು ರೂಪಿಸಿದ ಮೇಲೆ ಮಠಗಳಲ್ಲಿ ನಕಲಾದ ಹಸ್ತಪ್ರತಿಗಳ ಕೊನೆಯಲ್ಲಿ, ಪ್ರತಿ ಮಾಡಿದವನು ತನ್ನ ಹೆಸರು, ತಂದೆತಾಯಿಗಳ ಹೆಸರು, ಗ್ರಂಥಕ್ಕೆ ಹಣ ಕೊಟ್ಟವರ ಹೆಸರುಗಳನ್ನು ಬರೆದು, ಓದುವವರು ತಮಗಾಗಿ ಪ್ರಾರ್ಥಿಸಬೇಕೆಂದು ಬೇಡಿಕೊಳ್ಳುತ್ತಿದ್ದನು. ಈ ಟಿಪ್ಪಣಿಗೆ ಹಿಶಾಡಗರಾನ್, ಅಂದರೆ ನೆನಪಿನ ಬರಹ ಎನ್ನುತ್ತಾರೆ. ಖಾಚ್‌ಕಾರ್ ಎಂಬ ಶಿಲುಬೆಗಲ್ಲುಗಳ ಮೇಲೂ ಇಂಥದೇ ಬೇಡಿಕೆ ಕೆತ್ತಿರುವುದನ್ನು ಕಾಣಬಹುದು. ನಮ್ಮ ದಾನಶಾಸನಗಳನ್ನೂ ವೀರಗಲ್ಲುಗಳನ್ನೂ ಬಲ್ಲ ಕನ್ನಡಿಗರಿಗೆ ಈ ಮನಸ್ಸು ಅಪರಿಚಿತವಲ್ಲ. ಆದ್ದರಿಂದ ಸಮಾರಂಭದ ಸಿದ್ಧತೆಯು ಸಭಾಂಗಣವನ್ನು ಕಾಯ್ದಿರಿಸುವುದರಿಂದ ಮೊದಲಾಗದೆ, ಆ ವ್ಯಕ್ತಿಗಾಗಿ ಇಂಥದೊಂದು ನೆನಪಿನ ಬರಹವನ್ನು ಸಿದ್ಧಪಡಿಸುವುದರಿಂದ ಮೊದಲಾಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕನಿಷ್ಠ ಮೂರು ತಿಂಗಳು ಬೇಕು. ಆಡಳಿತ ಮಂಡಳಿಯ ಹಳೆಯ ನಡಾವಳಿಗಳು, ವಾರ್ಷಿಕ ವರದಿಗಳು, ಫೋಟೊಗಳು ಚರ್ಚಿನ ಕಪಾಟಿನಲ್ಲಿರುತ್ತವೆ. ಅವುಗಳಲ್ಲಿ ಅಧ್ಯಕ್ಷರು, ಖಜಾಂಚಿ, ಡಯಾಸಿಸ್ (ಹಲವು ಚರ್ಚುಗಳು ಸೇರಿದ ಆಡಳಿತ ಪ್ರಾಂತ) ಸಭೆಯ ಪ್ರತಿನಿಧಿ ಎಂಬ ಪದವಿಗಳು ಸುಲಭವಾಗಿ ಸಿಗುತ್ತವೆ. ಯಾವ ವರದಿಗೂ ಸೇರದ ಕೆಲಸವನ್ನು ಹುಡುಕಿ ತೆಗೆಯುವುದೇ ಕಷ್ಟ. ಪ್ರತಿ ವರ್ಷದ ಬಜಾರಿಗಾಗಿ ವಾರಗಟ್ಟಲೆ ಅಡುಗೆಮನೆಯಲ್ಲಿ ನಿಂತು ಚೋರೆಗ್ ಎಂಬ ಸಿಹಿ ಬ್ರೆಡ್ಡು ಬೇಯಿಸಿ, ಮಾಂಟಿ ಎಂಬ ಮಾಂಸದ ಕಡುಬು ಮಡಚಿದವರು, ಶನಿವಾರದ ಶಾಲೆಯಲ್ಲಿ ಎರಡು ತಲೆಮಾರಿನ ಮಕ್ಕಳಿಗೆ ಮೂವತ್ತೆಂಟು ಅಕ್ಷರ ತಿದ್ದಿಸಿದವರು, ಚಳಿಯಲ್ಲಿ ಮೊದಲು ಬಂದು ಬಾಗಿಲು ತೆರೆದವರು, ಪೂಜೆಯ ಕೊನೆಗೆ ಹಂಚುವ ಮಾಸ್ ಎಂಬ ತೆಳುವಾದ ಪವಿತ್ರ ರೊಟ್ಟಿಯನ್ನು ಹಾಸಿಗೆ ಹಿಡಿದವರ ಮನೆಗೆ ಒಯ್ದು ಕೊಟ್ಟವರು ಕಾಗದದಲ್ಲಿ ಕಾಣಿಸುವುದಿಲ್ಲ. ಇವನ್ನು ತಿಳಿಯಲು ಗಾಯನವೃಂದದವರನ್ನೂ ಮಹಿಳಾ ಸಂಘದವರನ್ನೂ ಹಳೆಯ ವಿದ್ಯಾರ್ಥಿಗಳನ್ನೂ ಒಬ್ಬೊಬ್ಬರಾಗಿ ಕೇಳಬೇಕು. ಹೆಂಗಸರ ಸೇವೆ ಹೆಚ್ಚಾಗಿ ಈ ಬರೆಯದ ಪಾಲಿನಲ್ಲೇ ಇರುವುದರಿಂದ, ಇಲ್ಲಿ ಎಡವಿದರೆ ಅನ್ಯಾಯವಾಗುತ್ತದೆ.

ಅನಂತರ ಗೌರವ ಪಡೆಯುವವರ ಜೊತೆಯಲ್ಲೇ ಕುಳಿತು, ಅವರ ಒಪ್ಪಿಗೆ ಪಡೆದು, ಮಾತನ್ನು ಧ್ವನಿಮುದ್ರಿಸಿಕೊಳ್ಳಿ. ಒಂದೇ ಸಲ ಮೂರು ಗಂಟೆ ಕೂರಿಸುವುದಕ್ಕಿಂತ, ಕಾಫಿಯ ಹೊತ್ತಿನ ನಾಲ್ಕು ಚಿಕ್ಕ ಭೇಟಿಗಳು ಒಳ್ಳೆಯವು. ಕುಟುಂಬದ ಮೂಲ ಊರು ಯಾವುದೆಂದು ಕೇಳಿ. ಇಂದಿನ ಟರ್ಕಿಯಲ್ಲಿರುವ ಖಾರ್ಪೆರ್ಟ್, ಮರಾಶ್, ವಾನ್, ಸಾಸೂನ್ ಎಂಬ ಹೆಸರುಗಳನ್ನು ಅವರು ತಾವು ಕಂಡಿರದಿದ್ದರೂ ತಮ್ಮ ಊರೆಂದೇ ಹೇಳುವುದುಂಟು. ಒಟ್ಟೋಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ಮೇಲೆ ನಡೆದ 1915ರ ನರಮೇಧದಲ್ಲಿ ಬದುಕುಳಿದವರೂ ಅನಾಥರೂ ಅಮೆರಿಕದ ಅನೇಕ ಚರ್ಚುಗಳನ್ನು ಬೆಳೆಸಿದರು. ಅನಂತರ 1975ರಿಂದ ಲೆಬನಾನಿನ ಅಂತರ್ಯುದ್ಧ, 1979ರ ಇರಾನಿನ ಕ್ರಾಂತಿ, 1991ರಲ್ಲಿ ಸೋವಿಯತ್ ಒಕ್ಕೂಟದ ಕುಸಿತ, ಹೀಗೆ ಒಂದೊಂದು ಅಲೆಯೂ ಹೊಸ ಕುಟುಂಬಗಳನ್ನು ತಂದಿತು. ನೋವಿನ ಭಾಗವನ್ನು ಎಷ್ಟು ಹೇಳಬೇಕೆಂಬುದನ್ನು ಅವರಿಗೇ ಬಿಡಬೇಕು. ಅವರು ತಮ್ಮ ಬಾಯಿಂದ ಹೇಳದ ಸಂಗತಿಯನ್ನು ವೇದಿಕೆಯ ಭಾಷಣದಲ್ಲಿ ಎಂದಿಗೂ ತರಬಾರದು.

ಬರಹ ಎರಡು ಭಾಷೆಗಳಲ್ಲಿರಲಿ. ಅಮೆರಿಕದ ಹಳೆಯ ಕುಟುಂಬಗಳಲ್ಲಿ ಪಶ್ಚಿಮ ಅರ್ಮೇನಿಯನ್ ನುಡಿಯೂ, ಅರ್ಮೇನಿಯಾ ಮತ್ತು ಇರಾನಿನಿಂದ ಬಂದವರಲ್ಲಿ ಪೂರ್ವ ಅರ್ಮೇನಿಯನ್ ನುಡಿಯೂ ಬಳಕೆಯಲ್ಲಿರುವುದರಿಂದ, ಅವರ ಮನೆಮಾತು ಯಾವುದೆಂದು ತಿಳಿದೇ ಬರೆಸಬೇಕು. ಹೆಸರನ್ನು ಅರ್ಮೇನಿಯನ್ ಲಿಪಿಯಲ್ಲಿ ಹೇಗೆ ಬರೆಯುತ್ತಾರೆಂಬುದನ್ನು ಕುಟುಂಬದವರಿಂದಲೇ ಕಾಗದದ ಮೇಲೆ ಬರೆಸಿಕೊಳ್ಳಿ, ಏಕೆಂದರೆ ಫಲಕದ ಮೇಲೆ ತಪ್ಪಾಗಿ ಕೆತ್ತಿದ ಹೆಸರು ಮಾಡಿದ ಗೌರವವನ್ನೆಲ್ಲ ಕೆಡಿಸುತ್ತದೆ.

ಚರ್ಚಿನಿಂದ ಔಪಚಾರಿಕ ಮನ್ನಣೆ ಕೊಡಿಸುವ ವಿಚಾರವನ್ನು ಇದರ ಜೊತೆಯಲ್ಲೇ ಆರಂಭಿಸಬೇಕು. ಅತ್ಯುನ್ನತವಾದದ್ದು ಕ್ಯಾಥಲಿಕೋಸರು, ಅಂದರೆ ಚರ್ಚಿನ ಪರಮಗುರುಗಳು, ಕಳಿಸುವ ಕೊಂಡಾಕ್ ಎಂಬ ಆಶೀರ್ವಾದಪತ್ರ. ಅದರೊಂದಿಗೆ ಕೆಲವೊಮ್ಮೆ ಪದಕವೂ ಬರುತ್ತದೆ. ಅರ್ಮೇನಿಯಾದಲ್ಲಿರುವ ಎಚ್ಮಿಯಾಜಿನ್ ಎಂಬ ಕ್ಯಾಥಲಿಕೋಸರ ಪೀಠವು ಸಂತ ನೆರ್ಸೆಸ್ ಶ್ನೊರ್ಹಾಲಿಯ ಹೆಸರಿನಲ್ಲಿಯೂ, ಸಂತ ಗ್ರಿಗರಿಯ ಹೆಸರಿನಲ್ಲಿಯೂ ಪದಕಗಳನ್ನು ನೀಡುತ್ತದೆ. ಇದನ್ನು ಸಮಿತಿಯು ನೇರವಾಗಿ ಕೇಳುವಂತಿಲ್ಲ. ಊರಿನ ಪಾದ್ರಿಯವರೂ ಆಡಳಿತ ಮಂಡಳಿಯೂ ಶಿಫಾರಸು ಮಾಡಬೇಕು, ಡಯಾಸಿಸ್‌ನ ಮುಖ್ಯಸ್ಥರು ಅದನ್ನು ಒಪ್ಪಿ ಪೀಠಕ್ಕೆ ಕಳಿಸಬೇಕು. ಆ ಶಿಫಾರಸಿಗೆ ಆಧಾರವಾಗುವುದು ನೀವು ಸಿದ್ಧಪಡಿಸಿದ ನೆನಪಿನ ಬರಹವೇ. ಇಲ್ಲೊಂದು ಎಚ್ಚರಿಕೆ ಅಗತ್ಯ. ಅಮೆರಿಕದ ಅರ್ಮೇನಿಯನ್ ಚರ್ಚುಗಳಲ್ಲಿ ಕೆಲವು ಅರ್ಮೇನಿಯಾದ ಎಚ್ಮಿಯಾಜಿನ್ ಪೀಠಕ್ಕೂ, ಕೆಲವು ಲೆಬನಾನಿನ ಆಂಟೆಲಿಯಾಸ್‌ನಲ್ಲಿರುವ ಸಿಲಿಸಿಯಾ ಪೀಠಕ್ಕೂ ಸೇರಿವೆ. 1933ರಲ್ಲಿ ಬಿರುಕು ಬಿಟ್ಟ ಈ ಸಮುದಾಯದಲ್ಲಿ ನಂಬಿಕೆಯೂ ಪೂಜಾವಿಧಿಯೂ ಒಂದೇ ಆಗಿದ್ದರೂ ಆಡಳಿತ ಬೇರೆ. ನಿಮ್ಮ ಚರ್ಚು ಯಾವ ಪೀಠದ್ದೆಂದು ತಿಳಿಯದೆ ಪತ್ರ ಬರೆದರೆ, ಬಂದವರೆಲ್ಲರಿಗೂ ಹಳೆಯ ನೋವನ್ನು ಕೆದಕಿದಂತಾಗುತ್ತದೆ.

ದಿನವನ್ನು ಪಾದ್ರಿಯವರೊಡನೆ ಕುಳಿತು ಚರ್ಚಿನ ಪಂಚಾಂಗ ನೋಡಿಯೇ ನಿಗದಿ ಮಾಡಬೇಕು. ವಿವಾಹಿತ ಪಾದ್ರಿಯನ್ನು ಡೇರ್ ಹಾಯ್ರ್ ಎಂದೂ, ಅವರ ಪತ್ನಿಯನ್ನು ಯೆರೆತ್ಸ್‌ಗಿನ್ ಎಂದೂ ಕರೆಯುವುದು ವಾಡಿಕೆ. ಈಸ್ಟರಿಗೆ ಮುಂಚಿನ ಮಹಾ ಉಪವಾಸದ ಕಾಲದಲ್ಲಿ ಪೂಜಾಪೀಠದ ಮುಂದಿನ ಪರದೆ ಮುಚ್ಚಿರುತ್ತದೆ. ಆ ವಾರಗಳಲ್ಲಿ ಔತಣ ಸಲ್ಲದು. ಉಪವಾಸ ಆರಂಭವಾಗುವ ಹಿಂದಿನ ದಿನದ ಪೂನ್ ಪಾರೆಗೆಂದಾನ್ ಭಾನುವಾರ ಸಂತೋಷಕ್ಕಾಗಿಯೇ ಮೀಸಲಾದದ್ದು. ಏಪ್ರಿಲ್ 24 ನರಮೇಧದ ಸ್ಮರಣೆಯ ದಿನವಾದ್ದರಿಂದ ಅದರ ಆಸುಪಾಸನ್ನು ಬಿಟ್ಟುಬಿಡಿ. ಗೌರವ ಪಡೆಯುವವರ ಹೆಸರಿನ ಸಂತರ ಹಬ್ಬದಂದೇ ಮಾಡೋಣವೆಂಬ ಆಸೆ ಸಹಜವಾದರೂ, ಅರ್ಮೇನಿಯನ್ ಚರ್ಚಿನಲ್ಲಿ ಸಂತರ ಹಬ್ಬಗಳು ಭಾನುವಾರ ಬೀಳುವುದಿಲ್ಲ, ಭಾನುವಾರ ಕ್ರಿಸ್ತನ ಪುನರುತ್ಥಾನಕ್ಕೆ ಮೀಸಲು. ಹಾಗಾಗಿ ಹಬ್ಬದ ಹತ್ತಿರದ ಭಾನುವಾರವನ್ನು ಆರಿಸಿಕೊಳ್ಳಬೇಕು. ಇನ್ನೊಂದು ಸುಂದರವಾದ ದಾರಿ ಜನವರಿ 6ರದ್ದು. ಕ್ರಿಸ್ತನ ಜನನವನ್ನೂ ದೀಕ್ಷಾಸ್ನಾನವನ್ನೂ ಒಂದಾಗಿ ಆಚರಿಸುವ ಆ ದಿನ, ನೀರನ್ನು ಆಶೀರ್ವದಿಸುವ ವಿಧಿಯಲ್ಲಿ ಶಿಲುಬೆಯನ್ನು ನೀರಿನಲ್ಲಿ ಮುಳುಗಿಸುತ್ತಾರೆ. ಶಿಲುಬೆಯನ್ನು ಎತ್ತಿಕೊಳ್ಳುವ ಸದಸ್ಯನಿಗೆ ಶಿಲುಬೆಯ ದೀಕ್ಷಾಪಿತ, ಅಂದರೆ ಗ್ನ್ಕಹಾಯ್ರ್ ಎಂಬ ಗೌರವ ಸಲ್ಲುತ್ತದೆ. ವರ್ಷಗಟ್ಟಲೆ ದುಡಿದ ಹಿರಿಯರಿಗೆ ಆ ವರ್ಷದ ಗ್ನ್ಕಹಾಯ್ರ್ ಸ್ಥಾನವನ್ನು ಕೊಡಿಸುವುದು ಯಾವ ಫಲಕಕ್ಕಿಂತಲೂ ದೊಡ್ಡದೆಂದು ನಾನು ಭಾವಿಸುತ್ತೇನೆ.

ಭಾನುವಾರದ ಕಾರ್ಯಕ್ರಮದ ಹೃದಯ ಬದಾರಾಕ್ ಎಂಬ ಪವಿತ್ರ ಪೂಜೆಯೇ. ಅದಕ್ಕೆ ಹೊಸದೇನನ್ನೂ ಸೇರಿಸಬೇಕಿಲ್ಲ. ಅವರು ಜೀವಮಾನವೆಲ್ಲ ಗಾಯನವೃಂದದಲ್ಲಿ ಹಾಡಿದವರಾದರೆ, ಅಂದು ಅವರನ್ನು ಮುಂದಿನ ಸಾಲಿನಲ್ಲಿ ಅತಿಥಿಯಂತೆ ಕೂರಿಸುವ ಬದಲು ಅವರ ಎಂದಿನ ಜಾಗದಲ್ಲೇ ನಿಂತು ಈ ಪೂಜೆಗೆ ಸಂಗೀತಗಾರ ಮಕಾರ್ ಯೆಕ್ಮಾಲ್ಯಾನ್ ಮಾಡಿದ ಸ್ವರ ಸಂಯೋಜನೆಯನ್ನು ಹಾಡಲು ಬಿಡಿ. ಪ್ರಾರ್ಥನೆಯಲ್ಲಿ ಅವರ ಹೆಸರನ್ನೂ, ತೀರಿಹೋದ ಅವರ ತಂದೆತಾಯಿ ಮತ್ತು ಸಂಗಾತಿಯ ಹೆಸರುಗಳನ್ನೂ ಹೇಳಬೇಕೆಂದು ಪಾದ್ರಿಯವರನ್ನು ಮೊದಲೇ ಕೇಳಿಕೊಳ್ಳಿ. ಕೊಂಡಾಕ್ ಬಂದಿದ್ದರೆ ಅದನ್ನು ಊಟದ ಗದ್ದಲದಲ್ಲಿ ಓದದೆ, ಜನರೆಲ್ಲ ಎದ್ದುನಿಂತು ಕೇಳುವಂತೆ ಚರ್ಚಿನೊಳಗೇ ಓದಿಸುವುದು ಲೇಸು.

ಊಟಕ್ಕೆ ಮಾದಾಘ್ ಏರ್ಪಡಿಸಬಹುದೇ ಎಂದು ವಿಚಾರಿಸಿ. ಪಾದ್ರಿಯು ಆಶೀರ್ವದಿಸಿದ ಉಪ್ಪನ್ನು ಬಳಸಿ, ಕುರಿ ಅಥವಾ ದನದ ಮಾಂಸ ಬೇಯಿಸಿ ಬಂದವರಿಗೆಲ್ಲ, ವಿಶೇಷವಾಗಿ ಬಡವರಿಗೆ, ಹಂಚುವ ಈ ಪದ್ಧತಿ ಕೃತಜ್ಞತೆಗಾಗಿ ಮಾಡುವ ದಾನ. ಮಾಂಸ ತಿನ್ನದ ಕನ್ನಡಿಗರು ಸಂಕೋಚಪಡಬೇಕಿಲ್ಲ, ಸಸ್ಯಾಹಾರಿಯೆಂದು ಮೊದಲೇ ತಿಳಿಸಿದರೆ ತಾಹೀನಿ ರೊಟ್ಟಿ, ಮಸೂರ ಬೇಳೆಯ ಕುಫ್ತೆಯಂಥ ಉಪವಾಸದ ಅಡುಗೆಗಳು ಅಲ್ಲಿ ಯಥೇಚ್ಛವಾಗಿವೆ. ಆದರೆ ಆ ದಿನ ಗೌರವ ಪಡೆಯುವವರನ್ನೂ ಅವರ ಗೆಳತಿಯರನ್ನೂ ಅಡುಗೆಮನೆಗೆ ಬಿಡಬೇಡಿ. ಅವರು ಅಭ್ಯಾಸಬಲದಿಂದ ಏಪ್ರನ್ ಕಟ್ಟಿಕೊಂಡು ಒಳಗೆ ಹೋಗಿಯೇ ಹೋಗುತ್ತಾರೆ, ಅದಕ್ಕಾಗಿ ಯುವಕರ ತಂಡಕ್ಕೆ ಬಡಿಸುವುದನ್ನೂ ತೊಳೆಯುವುದನ್ನೂ ಮೊದಲೇ ಒಪ್ಪಿಸಬೇಕು.

ಭಾಷಣಗಳು ಮೂರು ಸಾಕು. ಪದವಿಯಲ್ಲಿರುವವರೊಬ್ಬರು, ಜೊತೆಯಲ್ಲಿ ದುಡಿದವರೊಬ್ಬರು, ಅವರಿಂದ ಕಲಿತವರೊಬ್ಬರು ಮಾತಾಡಲಿ. ಹೊಗಳಿಕೆಯ ವಿಶೇಷಣಗಳಿಗಿಂತ, ಒಂದು ನಿರ್ದಿಷ್ಟ ದಿನದ ಒಂದು ನಿರ್ದಿಷ್ಟ ಕೆಲಸವನ್ನು ಹೇಳಿದ ಮಾತು ಎಲ್ಲರಿಗೂ ತಟ್ಟುತ್ತದೆ. ನಿಮಗೂ ಎರಡು ಮಾತು ಆಡಲು ಹೇಳಿದರೆ ಕೊನೆಯಲ್ಲಿ “ವರ್ತ್ಸ್‌ಕೆರ್ನಿಟ್ ಗಡಾರ್” ಎನ್ನಿ. ನಿಮ್ಮ ಸೇವೆಗೆ ಪೂರ್ಣ ಫಲ ದೊರೆಯಲಿ ಎಂಬ ಅರ್ಥದ ಈ ಹಾರೈಕೆಯನ್ನು ಅರ್ಮೇನಿಯನ್ನರು ಒಳ್ಳೆಯ ಕೆಲಸ ಮಾಡಿದವರಿಗೆ ಹೇಳುತ್ತಾರೆ. ಹಿರಿಯ ಗಂಡಸರನ್ನು ಬಾರೋನ್ ಎಂದೂ, ಹೆಂಗಸರನ್ನು ಡಿಗಿನ್ ಎಂದೂ ಪಶ್ಚಿಮ ಅರ್ಮೇನಿಯನ್ ಮಾತಾಡುವವರು ಸಂಬೋಧಿಸುತ್ತಾರೆ. ಉಡುಗೊರೆಗೆ ಖರ್ಚು ಮಾಡುವುದಕ್ಕಿಂತ, ಅವರು ದುಡಿದ ಕೆಲಸಕ್ಕೇ ಅವರ ಹೆಸರಿನಲ್ಲಿ ಹಣ ಕೂಡಿಸುವುದು ಸೂಕ್ತ. ಶನಿವಾರದ ಶಾಲೆಯ ಪುಸ್ತಕಗಳಿಗೋ ಗಾಯನವೃಂದದ ಅಂಗಿಗಳಿಗೋ ಎಂದು ಉದ್ದೇಶವನ್ನು ಸ್ಪಷ್ಟವಾಗಿ ಬರೆದರೆ ಕೊಡುವವರಿಗೂ ಸಂತೋಷ.

ಅವರು ಹೊರಗೆ ಬರಲಾರದಷ್ಟು ಕ್ಷೀಣರಾಗಿದ್ದರೆ ಇವನ್ನೆಲ್ಲ ಕೈಬಿಟ್ಟು ಕಾರ್ಯವನ್ನೇ ಅವರ ಮನೆಗೆ ಒಯ್ಯಿರಿ. ಪಾದ್ರಿಯೂ, ಗಾಯನವೃಂದದ ನಾಲ್ಕು ಜನರೂ, ಅವರ ಶಿಷ್ಯರಲ್ಲಿ ಒಬ್ಬರೂ ಹೋಗಿ ಹಾಸಿಗೆಯ ಪಕ್ಕದಲ್ಲಿ ‘ಕರ್ತನೇ, ಕರುಣಿಸು’ ಎಂಬ ಅರ್ಥದ ಡೇರ್ ವೊಘೊರ್ಮ್ಯಾ ಪ್ರಾರ್ಥನೆ ಹಾಡಿ, ನೆನಪಿನ ಬರಹವನ್ನು ನಿಧಾನವಾಗಿ ಓದಿ, ಅದರ ಪ್ರತಿಯನ್ನು ಅವರ ಕೈಯಲ್ಲಿಟ್ಟು, ಆ ಭಾನುವಾರದ ಪೂಜೆಯ ಮಾಸ್ ಅನ್ನು ಕೊಟ್ಟು ಬರಬೇಕು. ಮೂಲಪ್ರತಿ ಚರ್ಚಿನ ದಾಖಲೆಗಳ ಕಪಾಟಿಗೆ ಸೇರಬೇಕು, ಧ್ವನಿಮುದ್ರಣವು ಮೊಮ್ಮಕ್ಕಳ ಮನೆಗಳಿಗೂ ತಲುಪಬೇಕು.