ಹತ್ತು ನಿಮಿಷದ ಪಿವಿಟಿ: ಎಚ್ಚರವನ್ನು ಕಂಪ್ಯೂಟರಿನಲ್ಲಿ ಅಳೆಯುವ ಬಗೆ

ಪರದೆಯ ನಡುವೆ ಒಂದು ಖಾಲಿ ಚೌಕ. 2ರಿಂದ 10 ಸೆಕೆಂಡಿನೊಳಗೆ ಯಾವ ಗಳಿಗೆಯಲ್ಲಾದರೂ ಅದರೊಳಗೆ ಅಂಕಿಗಳು ಓಡತೊಡಗುತ್ತವೆ. ಕಂಡ ಕೂಡಲೇ ಗುಂಡಿ ಒತ್ತಬೇಕು. ಒತ್ತಿದಾಗ ಓಟ ನಿಂತು, ಎಷ್ಟು ಮಿಲಿಸೆಕೆಂಡ್ ಹಿಡಿಯಿತು ಎಂಬುದು ಒಂದು ಸೆಕೆಂಡು ಕಾಣಿಸಿ ಮರೆಯಾಗುತ್ತದೆ. ಇಷ್ಟೇ ಕೆಲಸ, ಹತ್ತು ನಿಮಿಷ ಬಿಡದೆ. ಇದರ ಹೆಸರು ಸೈಕೋಮೋಟರ್ ವಿಜಿಲೆನ್ಸ್ ಟಾಸ್ಕ್, ಚಿಕ್ಕದಾಗಿ ಪಿವಿಟಿ. ಅಮೆರಿಕದ ನಿದ್ರಾ ಸಂಶೋಧಕ ಡೇವಿಡ್ ಡಿಂಜಸ್ ಮತ್ತು ಪೊವೆಲ್ 1985ರಲ್ಲಿ ಇದನ್ನು ಪ್ರಕಟಿಸಿದರು. ನಿದ್ದೆಗೆಟ್ಟವರ ಎಚ್ಚರವನ್ನು ಅಳೆಯಲು ಸಂಶೋಧಕರು ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ.

ನಮ್ಮ ಮನಃಶಾಸ್ತ್ರ ವಿದ್ಯಾರ್ಥಿಗಳಿಗೆ ಇದರ ಕಾಗದದ ನೆಂಟ ಗೊತ್ತಿರುತ್ತದೆ. ನಿಮ್ಹಾನ್ಸ್ 2004ರಲ್ಲಿ ಹೊರತಂದ ನ್ಯೂರೋಸೈಕಾಲಜಿ ಬ್ಯಾಟರಿಯಲ್ಲಿ, ಅಂದರೆ ಮಿದುಳಿನ ಕೆಲಸ ಅಳೆಯುವ ಪರೀಕ್ಷೆಗಳ ಕಟ್ಟಿನಲ್ಲಿ, ಹಾಳೆಯ ತುಂಬ ಹರಡಿದ ಅಂಕಿಗಳ ನಡುವೆ 6 ಮತ್ತು 9 ಮಾತ್ರ ಹುಡುಕಿ ಹೊಡೆದುಹಾಕುವ ಪರೀಕ್ಷೆ ಇದೆ. ಅಲ್ಲಿ ಸಿಗುವುದು ಒಟ್ಟು ಸಮಯ ಮತ್ತು ತಪ್ಪುಗಳ ಎಣಿಕೆ. ಏಳನೆಯ ನಿಮಿಷದಲ್ಲಿ ಮನಸ್ಸು ಎರಡು ಸೆಕೆಂಡು ಎಲ್ಲೋ ಹೋಗಿ ಬಂದದ್ದು ಅದರಲ್ಲಿ ಕಾಣುವುದಿಲ್ಲ. ಪಿವಿಟಿ ಹಿಡಿಯುವುದು ಅಂಥ ಜಾರುವಿಕೆಯನ್ನೇ. ಕಲಿಯಲು ಏನೂ ಇಲ್ಲದ ಕಾರಣ ಹತ್ತು ಸಲ ಮಾಡಿದರೂ ಅಭ್ಯಾಸಬಲದಿಂದ ಅಂಕ ಏರುವುದು ತೀರ ಕಡಿಮೆ. ಬೇಸರ ಬರಿಸುವುದೇ ಇದರ ಗುಣ, ಆದ್ದರಿಂದ ಬಣ್ಣ, ಸದ್ದು, ಆಟದ ಅಂಕ ಸೇರಿಸಿ ಇದನ್ನು ಚಂದ ಮಾಡಲು ಹೋಗಬೇಡಿ.

ಮೊದಲು ಯಂತ್ರ

ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಪೆಬಲ್‌ನಲ್ಲಿ ಪಿವಿಟಿ ಸಿದ್ಧವಾಗಿಯೇ ಬರುತ್ತದೆ. ಸೈಕೋಪೈನಲ್ಲಿ ನೀವೇ ಕಟ್ಟಿಕೊಳ್ಳಬೇಕು. ಎರಡೂ ಉಚಿತ. ಬ್ರೌಸರಿನಲ್ಲಿ ಓಡುವ ಆವೃತ್ತಿಗಳನ್ನು ಪರಿಚಯಕ್ಕೆ ಮಾತ್ರ ಇಟ್ಟುಕೊಳ್ಳಿ.

ಸೈಕೋಪೈನಲ್ಲಿ ಕಟ್ಟುವವರು ಹೆಚ್ಚಾಗಿ ಎರಡು ಕಡೆ ಎಡವುತ್ತಾರೆ. ಅಂಕಿಯನ್ನು ಬರೆಯಲು ಆಜ್ಞೆ ಕೊಟ್ಟಾಗಲೇ ಗಡಿಯಾರವನ್ನು ಸೊನ್ನೆಗೆ ತರುವುದು ಮೊದಲನೆಯದು. ಚಿತ್ರ ನಿಜವಾಗಿ ಪರದೆಗೆ ಬರುವುದು ಮುಂದಿನ ಫ್ರೇಮ್ ಬದಲಾದಾಗ, ಅಂದರೆ ಪರದೆ ತನ್ನ ಚಿತ್ರವನ್ನು ಮತ್ತೆ ಹೊಸದಾಗಿ ಬರೆದಾಗ; ಗಡಿಯಾರವೂ ಆ ಕ್ಷಣಕ್ಕೇ ಸೊನ್ನೆಯಾಗಬೇಕು. ಎರಡನೆಯದು, ಗುಂಡಿ ಒತ್ತಿದ್ದನ್ನು ಫ್ರೇಮಿಗೆ ಒಮ್ಮೆ ಮಾತ್ರ ನೋಡಿ, ನೋಡಿದ ಹೊತ್ತನ್ನೇ ಒತ್ತಿದ ಹೊತ್ತೆಂದು ಬರೆದುಕೊಳ್ಳುವುದು. 60 ಹರ್ಟ್ಸ್ ಪರದೆಯಲ್ಲಿ ಒಂದು ಫ್ರೇಮ್ ಎಂದರೆ 16.7 ಮಿಲಿಸೆಕೆಂಡ್. ನಿಮ್ಮ ಕಡತದಲ್ಲಿ 233, 250, 267, 283 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಂಖ್ಯೆಗಳು ಬಿದ್ದಿದ್ದರೆ ಈ ದೋಷ ಇದೆ ಎಂದೇ ಲೆಕ್ಕ. ಒಂದೊಂದು ಒತ್ತುವಿಕೆಗೂ ಅದರದೇ ಸಮಯಮುದ್ರೆಯನ್ನು (ಟೈಮ್‌ಸ್ಟ್ಯಾಂಪ್) ತೆಗೆದುಕೊಳ್ಳಿ. ಓಡುವ ಅಂಕಿ ಕಣ್ಣಿಗೆ 16–17ರ ನೆಗೆತದಲ್ಲಿ ಕಾಣುವುದು ಮಾತ್ರ ಸಹಜ, ಅದಕ್ಕೆ ಗಾಬರಿ ಬೇಡ.

ಗುಂಡಿಯಾಗಿ ತಂತಿಯಿರುವ ಗೇಮಿಂಗ್ ಮೌಸ್ ಬಳಸಿ, ಸೆಕೆಂಡಿಗೆ 1000 ಸಲ ವರದಿ ಮಾಡುವಂಥದ್ದು. ಸಾಮಾನ್ಯ ಯುಎಸ್‌ಬಿ ಕೀಲಿಮಣೆ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ಮಾತ್ರ ಸುದ್ದಿ ಕಳಿಸುವುದುಂಟು. ಅದರ ಮೇಲೆ ಕೀಲಿಯ ಅದುರುವಿಕೆ ನಿಲ್ಲಲು ಕಾಯುವ ಹೊತ್ತು ಬೇರೆ. ಬ್ಲೂಟೂತ್ ಸಾಧನ ಬೇಡವೇ ಬೇಡ. ಅದರ ತಡ ಪ್ರತಿ ಸಲ ಒಂದೇ ಇರುವುದಿಲ್ಲ, ಹಾಗಾಗಿ ಕಳೆದು ಸರಿಪಡಿಸಲೂ ಬರುವುದಿಲ್ಲ. ದೊಡ್ಡದಾಗಿ ಕಾಣಲೆಂದು ಟಿವಿಗೆ ಜೋಡಿಸುವವರಿದ್ದಾರೆ. ಚಿತ್ರ ಸುಧಾರಿಸುವ ಗದ್ದಲದಲ್ಲಿ ಟಿವಿಯೇ ಹತ್ತಾರು ಮಿಲಿಸೆಕೆಂಡ್ ತಿಂದುಬಿಡುತ್ತದೆ.

ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿಯೇ ಇರಲಿ. ಬ್ಯಾಟರಿಯಲ್ಲಿ ಓಡುವಾಗ ಅದು ವಿದ್ಯುತ್ ಉಳಿಸಲು ತನ್ನ ವೇಗ ತಗ್ಗಿಸಿಕೊಳ್ಳುತ್ತದೆ. ವೈಫೈ, ನೋಟಿಫಿಕೇಶನ್, ಆಂಟಿವೈರಸ್ ಸ್ಕ್ಯಾನ್, ಅಪ್‌ಡೇಟ್ ಎಲ್ಲ ಆರಿಸಿ. ಡೆಸ್ಕ್‌ಟಾಪ್ ಆದರೆ ಯುಪಿಎಸ್ ಬೇಕು. ಎಂಟನೆಯ ನಿಮಿಷದಲ್ಲಿ ಕರೆಂಟ್ ಹೋದರೆ ಆ ಪರೀಕ್ಷೆ ಕೆಟ್ಟಂತೆ. ಉಳಿದ ಎರಡು ನಿಮಿಷ ಆಮೇಲೆ ಜೋಡಿಸುವ ಹಾಗಿಲ್ಲ, ಏಕೆಂದರೆ ದಣಿವು ಕೂಡಿಬರುವುದೇ ಕೊನೆಯ ನಿಮಿಷಗಳಲ್ಲಿ.

ಇನ್ನು ಯಂತ್ರದ ಸ್ವಂತ ತಡವನ್ನು ಅಳೆಯಬೇಕು. ಇದಕ್ಕೆ ಮೊಬೈಲಿನ ಸ್ಲೋ ಮೋಶನ್ ಸಾಕು. ಸೆಕೆಂಡಿಗೆ 240 ಫ್ರೇಮ್ ಇಟ್ಟು, ಬೆರಳು ಮತ್ತು ಪರದೆ ಎರಡೂ ಕಾಣುವಂತೆ ಚಿತ್ರೀಕರಿಸಿ. ಪ್ರತಿ ಫ್ರೇಮ್ 4.17 ಮಿಲಿಸೆಕೆಂಡ್. ಅಂಕಿ ಕಂಡ ಫ್ರೇಮಿನಿಂದ ಗುಂಡಿ ತಳ ಮುಟ್ಟಿದ ಫ್ರೇಮಿನವರೆಗೆ ಎಣಿಸಿ. 60 ಫ್ರೇಮ್ ಬಂದರೆ ನಿಜವಾದ ಸಮಯ 250. ತಂತ್ರಾಂಶ 285 ಎಂದು ಬರೆದಿದ್ದರೆ ಯಂತ್ರದ ಪಾಲು 35. ಒಂದು ಸಲದ ಎಣಿಕೆಯಲ್ಲಿ ಒಂದೆರಡು ಫ್ರೇಮ್ ಆಚೀಚೆ ಆಗುತ್ತದೆ, ಅದಕ್ಕೇ 20 ಸಲ ತೆಗೆದು ಸರಾಸರಿ ಹಿಡಿಯಿರಿ. ಈ ಕೆಲಸ ರೇಜಿಗೆಯದು, ಆದರೆ ಇದನ್ನು ಬಿಟ್ಟವರ ಅಂಕಗಳನ್ನು ಬೇರೆ ಪ್ರಯೋಗಾಲಯದ ಅಂಕಗಳ ಪಕ್ಕದಲ್ಲಿ ಇಡಲು ಬರುವುದಿಲ್ಲ. 500 ಮಿಲಿಸೆಕೆಂಡ್ ಗಡಿಯೆಂದು ನೀವು ಹೇಳುವಾಗ, 35 ತಡವಿರುವ ಯಂತ್ರದಲ್ಲಿ ಆ ಗಡಿ ನಿಜಕ್ಕೂ 465.

ಕೂರಿಸುವುದು, ಹೇಳುವುದು

ಪರದೆಯ ಮೇಲೆ ಕಿಟಕಿಯ ಬೆಳಕು ಹೊಳೆಯಬಾರದು. ಕಣ್ಣಿಂದ ಪರದೆಗೆ ಸುಮಾರು 60 ಸೆಂಟಿಮೀಟರ್. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿಯದಿರಲಿ. ಕೈಗಡಿಯಾರ, ಫೋನ್ ಹೊರಗಿಡಿ, ಗೋಡೆಯ ಗಡಿಯಾರವೂ ಕಾಣಬಾರದು. ಇನ್ನೊಂದೇ ನಿಮಿಷ ಉಳಿದಿದೆ ಎಂದು ತಿಳಿದವರು ಕೊನೆಯಲ್ಲಿ ಮೈಕೊಡವಿ ಎದ್ದು ಚುರುಕಾಗುತ್ತಾರೆ. ಬೆರಳು ಗುಂಡಿಯ ಮೇಲೇ ಇರಲಿ. ತೋರುಬೆರಳೋ ಹೆಬ್ಬೆರಳೋ, ಪ್ರತಿ ಸಲವೂ ಅದೇ ಬೆರಳು.

ಸೂಚನೆಯನ್ನು ಎಲ್ಲರಿಗೂ ಒಂದೇ ಮಾತಿನಲ್ಲಿ ಓದಿ ಹೇಳಿ: ‘ಅಂಕಿ ಕಂಡ ತಕ್ಷಣ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಒತ್ತಿ. ಕಾಣುವ ಮೊದಲೇ ಊಹಿಸಿ ಒತ್ತಬೇಡಿ.’ ಎರಡೂ ವಾಕ್ಯ ಬೇಕೇ ಬೇಕು. ಮೊದಲನೆಯದನ್ನು ಮಾತ್ರ ಹೇಳಿದರೆ ಜನ ಜೂಜಾಡುತ್ತಾರೆ. ಎರಡನೆಯದನ್ನೇ ಒತ್ತಿ ಹೇಳಿದರೆ ಹಿಂಜರಿದು ನಿಧಾನವಾಗುತ್ತಾರೆ. ಒಂದು ನಿಮಿಷ ಅಭ್ಯಾಸ ಕೊಡಿ. ಮೊದಲ ದಿನದ ಪೂರ್ತಿ ಪರೀಕ್ಷೆಯನ್ನೂ ಪರಿಚಯಕ್ಕೆ ಬಿಟ್ಟು, ಎರಡನೆಯದರಿಂದ ಲೆಕ್ಕ ಹಿಡಿದರೆ ಇನ್ನೂ ಒಳ್ಳೆಯದು.

ನಡೆಸುವವರು ಹಿಂದೆ, ಕಣ್ಣಿಗೆ ಬೀಳದಂತೆ ಕೂರಬೇಕು. ‘ಚೆನ್ನಾಗಿ ಮಾಡ್ತಿದ್ದೀರ’ ಎಂಬ ಉತ್ತೇಜನವೂ ಬೇಡ, ಅದು ಅಲಾರಂ ಹೊಡೆದ ಹಾಗೆ. ಹೊರಗೆ ಹಾರ್ನ್ ಹೊಡೆದದ್ದು, ಕೆಮ್ಮು ಬಂದದ್ದು, ಯಾರೋ ಬಾಗಿಲು ತೆರೆದದ್ದನ್ನು ನಿಮಿಷದ ಸಮೇತ ಬರೆದಿಡಿ. 30 ಸೆಕೆಂಡು ಒತ್ತದೇ ಹೋದರೆ ಸದ್ದು ಮಾಡಿ ಎಚ್ಚರಿಸುವಂತೆ ತಂತ್ರಾಂಶದಲ್ಲೇ ಹೊಂದಿಸಿ. ಅದನ್ನು ಒಂದು ಜಾರುವಿಕೆ ಎಂದು ಎಣಿಸಬೇಕು.

ಹೊತ್ತಿನ ವಿಷಯ ಇನ್ನೂ ಮುಖ್ಯ. ಎದ್ದ ಮೊದಲ ಅರ್ಧ ಗಂಟೆ ನಿದ್ದೆಯ ಮಂಪರು ಉಳಿದಿರುತ್ತದೆ, ಮಧ್ಯಾಹ್ನ ಊಟದ ನಂತರ ಒಂದು ತೂಕಡಿಕೆಯ ಇಳಿತ ಬರುತ್ತದೆ, ನಸುಕಿನ 3ರಿಂದ 6ರ ನಡುವೆ ಎಲ್ಲಕ್ಕಿಂತ ಆಳದ ಇಳಿತ. ಹೋಲಿಸಬೇಕೆಂದಿರುವ ಪರೀಕ್ಷೆಗಳೆಲ್ಲ ಒಂದೇ ಹೊತ್ತಿಗೆ ನಡೆಯಬೇಕು. ಕಾಫಿಯನ್ನು ಬಿಡಿಸಲು ಹೋಗಬೇಡಿ. ದಿನಕ್ಕೆ ಮೂರು ಲೋಟ ಫಿಲ್ಟರ್ ಕಾಫಿ ಕುಡಿಯುವವರಿಗೆ ಬೆಳಗ್ಗೆ ಅದನ್ನು ತಪ್ಪಿಸಿದರೆ ತಲೆನೋವು, ಮಂಕು ಎರಡೂ ಬರುತ್ತವೆ, ನೀವು ಅಳೆದದ್ದು ಕಾಫಿಯ ಕೊರತೆಯಾಗುತ್ತದೆ. ಕುಡಿದ ಹೊತ್ತಿಗೂ ಪರೀಕ್ಷೆಗೂ ನಡುವಿನ ಅಂತರ ಪ್ರತಿ ಸಲ ಒಂದೇ ಇದ್ದರೆ ಸಾಕು. ಹಿಂದಿನ ರಾತ್ರಿ ಎಷ್ಟು ಹೊತ್ತು ಮಲಗಿದ್ದರು, ಎಷ್ಟಕ್ಕೆ ಎದ್ದರು ಎಂದು ಕೇಳಿ ಬರೆದುಕೊಳ್ಳಿ.

ಆದರೆ ‘ಈಗ ನಿದ್ದೆ ಬರುತ್ತಿದೆಯೇ’ ಎಂಬ ಪ್ರಶ್ನೆಯ ಉತ್ತರವನ್ನು ಪರೀಕ್ಷೆಯ ಬದಲಿಗೆ ಇಟ್ಟುಕೊಳ್ಳುವಂತಿಲ್ಲ. ವ್ಯಾನ್ ಡಾಂಗೆನ್ ಮತ್ತು ಡಿಂಜಸ್ ಬಳಗ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 14 ದಿನ ರಾತ್ರಿಗೆ 4 ಅಥವಾ 6 ಗಂಟೆ ಮಾತ್ರ ಮಲಗಿದವರ ಜಾರುವಿಕೆಗಳು ದಿನದಿಂದ ದಿನಕ್ಕೆ ಏರುತ್ತಲೇ ಹೋದವು. ತಮಗೆ ಎಷ್ಟು ನಿದ್ದೆ ಬರುತ್ತಿದೆ ಎಂಬ ಅವರ ಸ್ವಂತ ಅಂದಾಜು ಮಾತ್ರ ಕೆಲವೇ ದಿನಗಳಲ್ಲಿ ಸಮತಟ್ಟಾಗಿಬಿಟ್ಟಿತ್ತು.

ಲೆಕ್ಕ

ಹತ್ತು ನಿಮಿಷಕ್ಕೆ 90ರ ಆಸುಪಾಸು ಪ್ರತಿಕ್ರಿಯೆಗಳು ಸಿಗುತ್ತವೆ. ಅಂಕಿ ಕಾಣುವ ಮೊದಲೇ ಅಥವಾ ಕಂಡ 100 ಮಿಲಿಸೆಕೆಂಡಿನೊಳಗೆ ಒತ್ತಿದ್ದು ಫಾಲ್ಸ್ ಸ್ಟಾರ್ಟ್. ಅಷ್ಟು ಬೇಗ ಕಣ್ಣಿಂದ ಬೆರಳಿಗೆ ಸುದ್ದಿ ಮುಟ್ಟುವುದಿಲ್ಲ. ಅವನ್ನು ಬೇರೆ ಮಾಡಿ ಎಣಿಸಿ. 500 ಅಥವಾ ಅದಕ್ಕಿಂತ ಹೆಚ್ಚಿನದು ಲ್ಯಾಪ್ಸ್, ಅಂದರೆ ಜಾರುವಿಕೆ. ಚೆನ್ನಾಗಿ ನಿದ್ದೆಯಾದ ಆರೋಗ್ಯವಂತ ವಯಸ್ಕರಲ್ಲಿ ಮಧ್ಯಾಂಕ (ಸಮಯಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಸುಮಾರು 220ರಿಂದ 280ರೊಳಗೆ ಬರುತ್ತದೆ, ಲ್ಯಾಪ್ಸ್ ಬೆರಳೆಣಿಕೆಯಷ್ಟು.

ಎಲ್ಲಕ್ಕಿಂತ ದುಬಾರಿಯಾದ ತಪ್ಪು ನಡೆಯುವುದು ಇಲ್ಲೇ. ಅಂಕಿ-ಅಂಶ ಶಾಸ್ತ್ರದ ಪಾಠದಲ್ಲಿ ಕಲಿತಂತೆ, ಸರಾಸರಿಯಿಂದ ಬಹಳ ದೂರವಿರುವ ಸಂಖ್ಯೆಗಳನ್ನು ಅಪವಾದವೆಂದು ಅಳಿಸಿಬಿಡುತ್ತಾರೆ. ಪಿವಿಟಿಯಲ್ಲಿ ಆ ದೂರದ ಸಂಖ್ಯೆಗಳೇ ಸುಗ್ಗಿ. ನಿದ್ದೆಗೆಟ್ಟವರೂ ನಡುನಡುವೆ 240, 250ರಲ್ಲಿ ಚುರುಕಾಗಿಯೇ ಒತ್ತುತ್ತಾರೆ. ವ್ಯತ್ಯಾಸವೆಲ್ಲ ಇರುವುದು ನಿಧಾನದ ಬಾಲದಲ್ಲಿ. ಬಾಲ ಕತ್ತರಿಸಿದರೆ ಎಚ್ಚರಿದ್ದವರೂ ತೂಕಡಿಸಿದವರೂ ಹೆಚ್ಚುಕಡಿಮೆ ಒಂದೇ.

ಹಾಗೆಂದು ಬರೀ ಸರಾಸರಿಯನ್ನು ನಂಬಲೂ ಬಾರದು. ಒಂಬತ್ತು ಸಲ 250, ಒಂದು ಸಲ 3000 ಬಂದಿದೆ ಎನ್ನಿ. ಸರಾಸರಿ 525 ಆಗುತ್ತದೆ, ಆ ವೇಗದಲ್ಲಿ ಅವರು ಒಮ್ಮೆಯೂ ಒತ್ತಿಲ್ಲ. ಅದಕ್ಕೆ ವೇಗದ ಲೆಕ್ಕ ಮಾಡುತ್ತಾರೆ: 1000ವನ್ನು ಪ್ರತಿ ಸಮಯದಿಂದ ಭಾಗಿಸಿ, ಬಂದದ್ದರ ಸರಾಸರಿ ತೆಗೆಯುವುದು. 250ಕ್ಕೆ 4, 3000ಕ್ಕೆ 0.33, ಹತ್ತರ ಸರಾಸರಿ 3.63. ಒಂದೇ ಒಂದು ದೀರ್ಘ ಜೋಂಪು ಇಡೀ ಲೆಕ್ಕವನ್ನು ನುಂಗುವುದಿಲ್ಲ, ಆದರೆ ಮಾಯವೂ ಆಗುವುದಿಲ್ಲ. ಬಾಸ್ನರ್ ಮತ್ತು ಡಿಂಜಸ್ 2011ರಲ್ಲಿ ಹಲವು ಅಳತೆಗಳನ್ನು ಹೋಲಿಸಿ, ನಿದ್ದೆಗೇಡನ್ನು ಚೆನ್ನಾಗಿ ಹಿಡಿಯುವವುಗಳಲ್ಲಿ ಈ ವೇಗವನ್ನೂ ಲ್ಯಾಪ್ಸ್ ಎಣಿಕೆಯನ್ನೂ ಮುಂದಿಟ್ಟರು. ಸ್ಪ್ರೆಡ್‌ಶೀಟಿನಲ್ಲಿ ಎರಡನ್ನೂ ತೆಗೆಯಿರಿ, ಜೊತೆಗೆ ಮೊದಲ ಐದು ನಿಮಿಷ ಮತ್ತು ಕೊನೆಯ ಐದು ನಿಮಿಷವನ್ನು ಬೇರೆ ಬೇರೆ ನೋಡಿ. ದಣಿದವರಲ್ಲಿ ಎರಡನೆಯ ಅರ್ಧ ಕುಸಿಯುತ್ತದೆ. ಲ್ಯಾಪ್ಸ್ ಜೊತೆಗೆ ಫಾಲ್ಸ್ ಸ್ಟಾರ್ಟ್ ಕೂಡ ಏರಿದ್ದರೆ ನಿದ್ದೆಯೊಡನೆ ಗುದ್ದಾಡುತ್ತಿದ್ದಾರೆ. ಫಾಲ್ಸ್ ಸ್ಟಾರ್ಟ್ ಮಾತ್ರ ಏರಿದ್ದರೆ ಬಹುಶಃ ನಿಮ್ಮ ಸೂಚನೆಯ ಎರಡನೆಯ ವಾಕ್ಯ ಅವರ ಕಿವಿಗೆ ಬಿದ್ದಿಲ್ಲ.

ಹತ್ತು ನಿಮಿಷ ಸಿಗದ ಕಡೆಗೆ 3 ನಿಮಿಷದ ಆವೃತ್ತಿಯಿದೆ, ಪಿವಿಟಿ-ಬಿ. ಅಲ್ಲಿ ಅಂತರ 1ರಿಂದ 4 ಸೆಕೆಂಡು, ಲ್ಯಾಪ್ಸ್ ಗಡಿ 355. ಗಡಿ ಇಷ್ಟು ಹತ್ತಿರ ಬಂದಾಗ ಯಂತ್ರದ 35 ಮಿಲಿಸೆಕೆಂಡ್ ತಡ ಹಲವು ಮಾಮೂಲಿ ಪ್ರತಿಕ್ರಿಯೆಗಳನ್ನೂ ಗಡಿ ದಾಟಿಸುತ್ತದೆ.

ಯೋಚನೆಯ ವೇಗವೂ ಬೇಕೆಂದರೆ ಪಿವಿಟಿ ಒಂದೇ ಸಾಲದು, ಏಕೆಂದರೆ ಇಲ್ಲಿ ಆರಿಸುವ ಕೆಲಸವೇ ಇಲ್ಲ. ನಾಲ್ಕು ಚೌಕ, ನಾಲ್ಕು ಗುಂಡಿಗಳ ಆಯ್ಕೆ ಪರೀಕ್ಷೆಯನ್ನು ಅದೇ ಯಂತ್ರದಲ್ಲಿ ಎರಡು ನಿಮಿಷ ನಡೆಸಿ, ಅದರ ಮಧ್ಯಾಂಕದಿಂದ ಪಿವಿಟಿಯ ಮಧ್ಯಾಂಕ ಕಳೆಯಿರಿ. ಉಳಿಯುವುದು ಸ್ಥೂಲವಾಗಿ ಗುರುತಿಸಿ ನಿರ್ಧರಿಸುವ ಹೊತ್ತು. ಡಚ್ ವಿಜ್ಞಾನಿ ಡಾಂಡರ್ಸ್ 1868ರಲ್ಲೇ ಈ ಕಳೆಯುವ ಉಪಾಯ ಮಾಡಿದ್ದ. ಎರಡಕ್ಕೂ ಒಂದೇ ಬಗೆಯ ಗುಂಡಿ ಬಳಸಿದ್ದರೆ ಯಂತ್ರದ ತಡ ತಾನಾಗಿಯೇ ಕಳೆದುಹೋಗುತ್ತದೆ. ಆಯ್ಕೆ ಪರೀಕ್ಷೆಯನ್ನು ಪಿವಿಟಿಗೆ ಮೊದಲೇ ಮುಗಿಸಿ, ಹತ್ತು ನಿಮಿಷದ ಬೇಸರದ ನಂತರ ಅಲ್ಲ.

ಒಂದೇ ಸಲದ ಅಂಕದಿಂದ ಯಾರಿಗೂ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇದೆ ಅಥವಾ ಇಲ್ಲ ಎನ್ನಲು ಬರುವುದಿಲ್ಲ, ಚಾಲಕನೊಬ್ಬ ಬಸ್ ಓಡಿಸಬಹುದೇ ಎಂದು ಹೇಳಲೂ ಬರುವುದಿಲ್ಲ. ಆರಾಮಾಗಿದ್ದ ದಿನಗಳಲ್ಲಿ ಮೂರು ನಾಲ್ಕು ಸಲ ತೆಗೆದ ಅವರದೇ ಅಂಕದ ಎದುರು ಇಂದಿನದನ್ನು ಇಟ್ಟು ನೋಡಬೇಕು. ಕಚ್ಚಾ ಕಡತವನ್ನು ಎಂದೂ ತಿದ್ದಬೇಡಿ, ಪ್ರತಿ ತೆಗೆದು ಅದರಲ್ಲಿ ಲೆಕ್ಕ ಮಾಡಿ. ಪ್ರತಿ ಕಡತದ ಜೊತೆ ಯಂತ್ರ, ಮೌಸ್, ಪರದೆ ಯಾವುದೆಂದು ಬರೆದಿಡಿ. ನಡುವೆ ಮೌಸ್ ಕೆಟ್ಟು ಹೊಸದು ತಂದರೆ, ಮೊಬೈಲ್ ಹಿಡಿದು ಆ 20 ಸಲದ ಎಣಿಕೆಯನ್ನು ಮತ್ತೆ ಮೊದಲಿಂದ ಮಾಡಬೇಕು.