ತರಗೆಲೆ ಬಾಚಲು ಬಿದಿರಿನ ಹಲುಬೆ: ಮನೆಯಲ್ಲೇ ಹೀಗೆ ಮಾಡಿ

ಕಬ್ಬಿಣದ ಹಲುಬೆ ತಂದು ತೋಟವೆಲ್ಲ ಎಳೆಯುವವರಿಗೆ ನನ್ನದೊಂದು ಮನವಿ. ಕಾಳುಮೆಣಸಿನ ಬಳ್ಳಿಯ ಬುಡಕ್ಕೆ ಮಾತ್ರ ಅದನ್ನು ಒಯ್ಯಬೇಡಿ. ಮೆಣಸಿನ ಬೇರು ಮೇಲುಮಣ್ಣಿನಲ್ಲೇ ಹರಡಿರುತ್ತದೆ, ಹಲ್ಲು ತಾಗಿ ಗಾಯವಾದರೆ ಮಳೆಗಾಲದಲ್ಲಿ ಸೊರಗು ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ. ತರಗೆಲೆ ಬಾಚಲು ಬೇಕಾದ್ದು ಬಾಗುವ ಹಲ್ಲು, ಮಣ್ಣು ಕೆರೆಯುವ ಹಲ್ಲಲ್ಲ. ಅದಕ್ಕೆ ಬಿದಿರೇ ಸರಿ.

3 ವರ್ಷ ದಾಟಿದ, ಸುಮಾರು 6 ಸೆಂ.ಮೀ. ದಪ್ಪದ ಬಿದಿರು ಆರಿಸಿ. ಮಳೆ ನಿಂತು ಚಳಿ ಶುರುವಾದ ಮೇಲೆ ಕಡಿದದ್ದಾದರೆ ಒಳ್ಳೆಯದು, ಆಗ ಬಿದಿರಿನಲ್ಲಿ ಪಿಷ್ಟ ಕಡಿಮೆ ಇರುವುದರಿಂದ ಕುಟ್ಟೆ ಹುಳುವಿನ ಕಾಟವೂ ಕಡಿಮೆ. 55 ಸೆಂ.ಮೀ. ತುಂಡು ಕೊಯ್ಯಿರಿ. ಒಂದು ತುದಿಯಿಂದ 15 ಸೆಂ.ಮೀ. ದೂರದಲ್ಲಿ ಗೆಣ್ಣು ಬರಬೇಕು. ಆ ಗಿಡ್ಡ ಭಾಗ ಹಿಡಿಗೆ, ಉದ್ದದ್ದು ಹಲ್ಲಿಗೆ.

ಸೀಳುವ ಮುಂಚೆ ಗೆಣ್ಣಿನ ಕೆಳಗೆ, ಹಲ್ಲಿನ ಭಾಗದ ಕಡೆ, ತಂತಿ ನಾಲ್ಕು ಸುತ್ತು ಬಿಗಿಯಿರಿ. ಇದನ್ನು ಬಿಟ್ಟರೆ ಸೀಳು ಗೆಣ್ಣು ದಾಟಿ ಓಡುತ್ತದೆ, ತುಂಡು ಹಾಳು. ತಂತಿಯ ಕೆಳಗೆ ಅರ್ಧದವರೆಗೆ ಗರಗಸ ಹಾಕಿ ಕೆಳಗಿನ ಅರ್ಧ ಹೋಳು ತೆಗೆದುಬಿಡಿ. ಉಳಿದ ಹೋಳನ್ನು ಕತ್ತಿ ಇಟ್ಟು ಮೆಲ್ಲಗೆ ತಟ್ಟಿ 7 ಹಲ್ಲುಗಳಾಗಿ ಸೀಳಿ. ಒಳಗಿನ ಬಿಳಿ ಮೆದು ಭಾಗವನ್ನು ಕೆತ್ತುತ್ತಾ ತುದಿಯ ಕಡೆ 3 ಮಿ.ಮೀ.ಗೆ ಇಳಿಸಿ, ಬುಡದಲ್ಲಿ ದಪ್ಪ ಹಾಗೇ ಇರಲಿ. ಬೆರಳಲ್ಲಿ ಒತ್ತಿ ಬಿಟ್ಟರೆ ಹಲ್ಲು ಪಟ್ಟನೆ ವಾಪಸ್ ಬರಬೇಕು.

ಈಗ ಕೊಕ್ಕೆ. ತುದಿಯ 6 ಸೆಂ.ಮೀ. ಒದ್ದೆ ಮಾಡಿ ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸಿ, ಉರಿಗೆ ಹಿಡಿಯಬೇಡಿ. ಸಿಪ್ಪೆಯ ಮೇಲೆ ಎಣ್ಣೆಯಂಥ ಬೆವರು ಮೂಡಿದ ಕೂಡಲೇ, ಸಿಪ್ಪೆ ಹೊರಗೆ ಬರುವಂತೆ ಒಳಕ್ಕೆ ಬಗ್ಗಿಸಿ ಒದ್ದೆ ಬಟ್ಟೆಯಿಂದ ಅದುಮಿ ಹಿಡಿಯಿರಿ. ಬಿದಿರಿನ ಗಟ್ಟಿ ನಾರು ಹೆಚ್ಚಾಗಿ ಸಿಪ್ಪೆಯ ಹತ್ತಿರವೇ ಇರುವುದು. ಉಲ್ಟಾ ಬಗ್ಗಿಸಿದರೆ ಬಿರಿಯುತ್ತದೆ.

ಹಲ್ಲುಗಳ ನಡುಭಾಗದಲ್ಲಿ ಒಂದು ಅಡ್ಡಪಟ್ಟಿಯನ್ನು ಮೇಲೆ ಕೆಳಗೆ ನೇಯ್ದು ಬೀಸಣಿಗೆಯಂತೆ ಹರಡಿ, ಪ್ರತಿ ಹಲ್ಲಿಗೂ ನೈಲಾನ್ ದಾರದಿಂದ ಕಟ್ಟಿ. ತೇಗ, ಹಲಸಿನ ಎಲೆಗೆ ತುದಿಗಳ ನಡುವೆ 4-5 ಸೆಂ.ಮೀ. ಬಿಡಿ, ಸಣ್ಣ ಎಲೆಗೆ 3 ಸಾಕು. ಹುಣಸೆ ಎಲೆ ಮಾತ್ರ ಇದಕ್ಕೆ ಸಿಗುವುದಿಲ್ಲ, ಸುಮ್ನೆ ಕಷ್ಟಪಡಬೇಡಿ, ಹಿಡಿಕಡ್ಡಿ ಪೊರಕೆ ಹಿಡಿಯಿರಿ.

ನಿಂತು ಬಾಚುವುದಾದರೆ ಹಿಡಿ ನಿಮ್ಮ ಎದೆಮಟ್ಟಕ್ಕೆ ಬರಲಿ, ಹೂವಿನ ಪಾತಿಗೆ 40 ಸೆಂ.ಮೀ. ಆದರೆ ಸಾಕು. ಸಣ್ಣ ಬಿದಿರಿನ ತುದಿ ಹೆರೆದು ಗೆಣ್ಣು ಮುಟ್ಟುವವರೆಗೆ ಒಳಗೆ ತೂರಿಸಿ, ತೂತು ಕೊರೆದು ಬಿದಿರಿನ ಗೂಟ ಹಾಕಿ. ಮೊಳೆ ಹೊಡೆದರೆ ಸೀಳುತ್ತದೆ, ಬೇಡ.

ಕೆಲಸ ಮುಗಿದ ಮೇಲೆ ಒದ್ದೆ ನೆಲದಲ್ಲಿ ಬಿಡದೆ ಬಚ್ಚಲ ಒಲೆಯ ಹೊಗೆ ತಾಗುವ ಕಡೆ ನೇತು ಹಾಕಿದರೆ ಹುಳು ಹತ್ತಿರ ಬರುವುದಿಲ್ಲ. ಒಂದು ಹಲ್ಲು ಮುರಿದರೂ ಕೆಲಸ ನಡೆಯುತ್ತದೆ. ಪಕ್ಕದ್ದೂ ಹೋದರೆ ಗೂಟ ತೆಗೆದು ತಲೆ ಮಾತ್ರ ಹೊಸದು ಮಾಡಿ, ಹಿಡಿ ಹಳೆಯದೇ ಸಾಕು.